ತಿರುಗುವ ಗೂಡು

ಗರ್ರ್ ಎಂದು ಕಲ್ಲಿನ ಮೇಲೆ ಹಲಗೆ ತಿರುಗಿದ ಸದ್ದು, ಏನೋ ಬಂತು, ಚಹಾ ಇರಬೇಕು, ಅಲ್ಲ, ವಾಸನೆ ಇಲ್ಲ, ಬರೀ ನೀರಿನ ತಂಬಿಗೆ, ತಂಬಿಗೆಯ ಹಿಂದೆ ಒಂದು ಗಳಿಗೆ ಅತ್ತೆಯ ಕಿವಿ, ಸುಕ್ಕುಗಟ್ಟಿದ ಕಿವಿ, ಅದರಲ್ಲಿ ಸವೆದ ಮುತ್ತಿನ ಬೆಂಡೋಲೆ, ಮುಖವೆಲ್ಲ ಆಚೆಗೆ — ಅಷ್ಟರಲ್ಲಿ ನಡುವಿನ ಹಲಗೆ ಅಡ್ಡ ಬಂದು ಕಿಟಕಿ ಮುಚ್ಚಿತು. ಶುಭಾ ತಂಬಿಗೆ ಎತ್ತಿ ಕೆಳಗಿಟ್ಟಳು. ಕುಡಿಯಲಿಲ್ಲ. ನೀರು ಆಗಲೇ ಕೊಟ್ಟಿದ್ದರಲ್ಲ, ಒಬ್ಬಳಿಗೆ ಎರಡು ತಂಬಿಗೆ ಯಾಕೆ, ಬಿಸಿಲಿಗೆಂದು ಇರಬಹುದು, ಅತ್ತೆ ಅಂತಃಕರಣದವರೇ, ಕೆಟ್ಟದ್ದು ಯೋಚಿಸಬಾರದು. ಮಾರ್ಚ್ ತಿಂಗಳಿಗೇ ಹಾಸುಗಲ್ಲು ಕಾದಿದೆ, ಶಹಾಬಾದಿನಲ್ಲಿ ನೆಲವೂ ಕಲ್ಲು, ಗೋಡೆಯೂ ಕಲ್ಲು, ತಲೆಯ ಮೇಲೂ ಕಲ್ಲು, ಚಾಪೆಯ ಕೆಳಗಿನಿಂದ ಶಾಖ ಏರಿ ಬೆನ್ನಿಗೆ ತಾಗುತ್ತಿದೆ, ಹೊಟ್ಟೆ ಕಿವುಚಿದಂತೆ ನೋಯುವ ಮುಟ್ಟಿನ ದಿನಗಳಲ್ಲಿ ಆ ಶಾಖ ಹಿತವೇ, ಅದನ್ನೂ ಒಪ್ಪಿಕೊಳ್ಳಬೇಕು. ನಾಳೆ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡರೆ ಹೊರಗೆ ಕೂತದ್ದು ಮುಗಿಯಿತು. ಹಿತ್ತಲ ಕಡೆಯ ಬಾಗಿಲಿಗೆ ಚಿಲಕ ಇರುವುದು ಅವಳ ಕಡೆಗೇ, ಯಾರೂ ಅವಳನ್ನು ಕೂಡಿ ಹಾಕಿಲ್ಲ, ಕೇಳಿದವರಿಗೆ ಅವಳೇ ಹಾಗೆ ಹೇಳುತ್ತಾಳೆ, ಯಾರೂ ಕೂಡಿ ಹಾಕಿಲ್ಲರಿ, ಚಿಲಕ ನನ್ನ ಕಡೆನೇ ಅದ. ಆದರೆ ಪದ್ದಿ ಯಾಕೆ ಇವತ್ತು ಸಾಲಿಗೆ ಹೋಗಲಿಲ್ಲ? ಶನಿವಾರ ಮುಂಜಾನೆ ಸಾಲಿ, ಸೋಮವಾರ ಏಳನೇ ಇಯತ್ತೆಯ ಗಣಿತದ ಪರೀಕ್ಷೆ, ಎದ್ದು ಓಡುವ ಹುಡುಗಿ, ಬಾಗಿಲಲ್ಲಿ ನಿಂತು ಅಮ್ಮಾ ಹೋಗಿಬರ್ತೀನಿ ಎಂದು ಓಣಿಗೆಲ್ಲ ಕೇಳುವಂತೆ ಕೂಗುವವಳು, ಇವತ್ತು ಕೂಗಿಲ್ಲ, ಬಚ್ಚಲಲ್ಲಿ ಮಾತ್ರ ನೀರಿನ ಸದ್ದು, ನಿಂತು, ಮತ್ತೆ ಸದ್ದು, ಅತ್ತೆಯ ದನಿ ಸಣ್ಣಗೆ. ಅತ್ತೆಯ ದನಿ ಎಂದೂ ಸಣ್ಣಗಿರುವುದಿಲ್ಲ.

ಮೂರು ಕಡೆಯಿಂದ ನೋಡಬೇಕು, ಕಲಬುರಗಿಯಲ್ಲಿ ನಕ್ಷೆ ಬರೆಯುವುದು ಕಲಿಸುವ ಸಂಜೆ ಕ್ಲಾಸಿನಲ್ಲಿ ಸರ್ ಹೇಳುತ್ತಿದ್ದರು, ಒಂದು ವಸ್ತುವಿನ ನಕ್ಷಾ ತೆಗೀಬೇಕಂದ್ರ ಮ್ಯಾಲಿಂದ ನೋಡ್ರಿ, ಮುಂದಿಂದ ನೋಡ್ರಿ, ಬಾಜೂಕಿಂದ ನೋಡ್ರಿ, ಹಿಂದಿನ ಬೆಂಚಿನಲ್ಲಿ ಇಬ್ಬರೇ ಹುಡುಗಿಯರು, ಬಲ್ಬಿನ ಸುತ್ತ ಹುಳ, ಮದುವೆ ಗೊತ್ತಾಗಿ ಕೊನೆಯ ಪರೀಕ್ಷೆಗೆ ಕೂಡಲಾಗದೆ ಹೋದದ್ದು, ಆದರೂ ಕೈಗೆ ಹತ್ತಿದ್ದು ಹೋಗುತ್ತದೆಯೇ, ಹೋದ ಮಳೆಗಾಲ ಹಂದಿಜ್ವರ ಬಂದಾಗ ಅದೇ ಕೈ ಎದ್ದು ಕೂತಿತು. ಗಂಡ ರಘೂತ್ತಮ ಪುಣೆಗೆ ಅಕ್ಕನ ಮಗನ ಮುಂಜಿವೆಗೆ ಹೋಗಿ ಮೈ ಕೆಂಡ ಮಾಡಿಕೊಂಡು ರೈಲು ಇಳಿದಿದ್ದ, ಡಾಕ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ದೂರದಿಂದ ಹೇಳಿದ್ದರು, ಬ್ಯಾರೆ ಖೋಲ್ಯಾಗ ಇಡ್ರಿ, ಮನ್ಯಾಗ ವಯಸ್ಸಾದವ್ರು ಅದಾರ, ಸಣ್ಣ ಹುಡುಗಿ ಅದ, ಅವರ ಉಸುರು ಯಾರಿಗೂ ತಾಗಬಾರದು. ಅತ್ತೆ ಅನಸೂಯಾಬಾಯಿ ಅತ್ತರು, ಒಬ್ಬನೇ ಮಗ, ಊಟ ಹ್ಯಾಂಗ ಕೊಡೂದs, ನಾಯಿಗೆ ನೂಕಿದಂಗ ನೂಕೂದೇನು? ಆಗ ಶುಭಾಳಿಗೆ ಕಂಡದ್ದು ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲು. ಕೆಳಗಿನ ಕಲ್ಲು ಅಲುಗುವುದಿಲ್ಲ, ನಡುವಿನ ಗೂಟದ ಮೇಲೆ ಮೇಲಿನದು ತಿರುಗುತ್ತದೆ, ಇಷ್ಟೇ. ಕೆಳಗಿನ ಕಲ್ಲನ್ನು ಈ ಕೋಣೆಯ ಒಳಮನೆ ಕಡೆಯ ಕಿಟಕಿಯಲ್ಲಿ ಕೂರಿಸಿ, ಸರಳು ತೆಗೆಸಿ, ಗೂಟದ ಮೇಲೆ ದುಂಡು ಹಲಗೆ, ಅದರ ನಡುವೆ ನೆಟ್ಟಗೆ ಇನ್ನೊಂದು ಹಲಗೆ, ಕಿಟಕಿಯಷ್ಟೇ ಎತ್ತರ, ಅಗಲ. ಆಚೆಯವರು ತಾಟು ಇಟ್ಟು ತಿರುವಿದರೆ ತಾಟು ಈಚೆಗೆ, ನಡುಹಲಗೆ ಮತ್ತೆ ಅಡ್ಡ, ಕೈಗೆ ಕೈ ತಾಗುವುದಿಲ್ಲ, ಮುಖಕ್ಕೆ ಮುಖ ಇಲ್ಲ. ಬಡಿಗೇರ ಭೀಮಶ್ಯಾ ಅವಳು ಬರೆದ ನಕ್ಷೆಯನ್ನು ಉಲ್ಟಾ ಹಿಡಿದು ನೋಡಿ, ಇದೇನ್ರಿ ಬಾಯಾರ, ದೇವರ ಮಂಟಪೇನು ಎಂದಿದ್ದ, ಕೂರಿಸಿದ ಮೇಲೆ ತಾನೇ ಒಂದು ಬೆಲ್ಲದ ಹೆಂಟೆ ಇಟ್ಟು ತಿರುವಿ, ಆಚೆ ಓಡಿಹೋಗಿ ತೆಗೆದುಕೊಂಡು ತಿಂದಿದ್ದ. ಒಂದೇ ಕುಂದು ಉಳಿಯಿತು, ಅರ್ಧ ತಿರುಗಿದಾಗ ನಡುಹಲಗೆ ಉದ್ದಕ್ಕೆ ನಿಂತು ಎರಡೂ ಬದಿ ಬಯಲು, ಒಂದು ಉಸಿರಿನಷ್ಟು ಹೊತ್ತು ಇಲ್ಲಿಂದ ಅಲ್ಲಿಗೆ ದಾರಿ. ಆ ಸಂದಿನ ಚಿಂತೆಯಲ್ಲಿ ಅವಳಿಗೆ ನಿದ್ದೆ ಬರಲಿಲ್ಲ. ಕಡೆಗೆ ಒಂದು ನಿಯಮ ಮಾಡಿದಳು, ತಿರುವುವಾಗ ಇಬ್ಬರೂ ಉಸಿರು ಹಿಡಿದು ಮುಖ ಆಚೆ ಹೊರಳಿಸಬೇಕು. ಅತ್ತೆ ಕೂಡಲೇ ಕಲಿತರು, ಜೀವಮಾನವೆಲ್ಲ ಮಡಿ ಮಾಡಿದವರು, ತಾಗದೆ ಬದುಕುವುದು ಅವರಿಗೇನು ಹೊಸದು. ಪದ್ದಿ ಮಾತ್ರ ಕೇಳಲಿಲ್ಲ, ಅಪ್ಪನ ಮುಖ ನೋಡಬೇಕೆಂದು ಇಣುಕಿ ಇಣುಕಿ — ಆಗ ಶುಭಾ ಹೇಳಿದಳು, ಹೆದರಿ ಹೇಳಿದಳು, ಮಗುವಿಗೆ ತಾಗಿದರೆ ಎಂಬ ಹೆದರಿಕೆ, ನೀ ನೋಡಿದ್ಯಂದ್ರ ಅಪ್ಪಗ ಜ್ವರ ಇಳಿಯೂದಿಲ್ಲ ನೋಡು. ಹುಡುಗಿ ಅಂದಿನಿಂದ ಕತ್ತು ಎಷ್ಟು ಹೊರಳಿಸುತ್ತಿದ್ದಳೆಂದರೆ ಕೊರಳ ನರ ಎದ್ದು ಕಾಣುತ್ತಿತ್ತು, ಆ ಸಂದಿನಲ್ಲಿ ಬರೀ ಒಂದು ಸಣ್ಣ ಕಿವಿ. ಜ್ವರ ಇಳಿಯಿತು. ನಾ ನೋಡ್ಲಿಲ್ಲ, ಅದಕ್ಕs ಇಳೀತು ಎಂದು ಪದ್ದಿ ಓಣಿಯಲ್ಲೆಲ್ಲ ಸಾರಿದಳು. ಸುಳ್ಳು ಎಂದು ಆಮೇಲೆ ತಿಳಿಸಬೇಕಿತ್ತು, ತಿಳಿಸಬೇಕು ತಿಳಿಸಬೇಕು ಎಂದುಕೊಳ್ಳುತ್ತಲೇ ದಸರೆ ಬಂತು.

ಎಷ್ಟು ಮಂದಿ ನೋಡಲು ಬಂದರು, ದವಾಖಾನೆಯ ನರ್ಸು ಬಂದು ತಿರುವಿ ತಿರುವಿ ನೋಡಿ ಹೋದಳು, ಪಕ್ಕದ ಮನೆಯ ಸರ್ವರಬೇಗಂ ನಗುತ್ತ, ಶುಭಾಬಾಯಿ ನಮ್ಮನಿಗೂ ಒಂದು ಮಾಡಿಸಿಕೊಡ್ರಿ, ನಮ್ಮ ಮನ್ಯಾನವ್ರನ್ನ ಕಾಯಂ ಒಳಗಿಟ್ಟು ರೊಟ್ಟಿ ತಿರುವ್ತೀನಿ, ಮಾತು ಕೇಳೂದು ತಪ್ಪತದ, ಅತ್ತೆಯೂ ನಕ್ಕರು, ಹೆಮ್ಮೆಯಿಂದ ಹೇಳಿದರು, ನಮ್ಮ ಸೊಸಿ ಮಾಡಿದ್ದು, ಕಲತಾಕಿ. ಆ ಮಾತು. ಹದಿಮೂರು ವರ್ಷದಲ್ಲಿ ಮೊದಲ ಸಲ ಆ ಮಾತು. ಶುಭಾ ಅಡಿಗೆಮನೆಗೆ ಹೋಗಿ ಸುಮ್ಮನೆ ಡಬ್ಬಿಗಳನ್ನು ಒರೆಸಿದ್ದಳು. ಗೂಡು ತೆಗೆಸಿಬಿಡೋಣವೇ ಎಂದು ಭೀಮಶ್ಯಾ ಕೇಳಿದಾಗ ಇರಲಿ ಎಂದವಳೂ ಅವಳೇ. ದೀಪಾವಳಿಯ ಹೊತ್ತಿಗೆ ಅವಳು ಮುಟ್ಟಾದಳು, ಎಂದಿನಂತೆ ಹೇಳದೆ ಮನೆಗೆಲಸ ಮಾಡಿಕೊಂಡಿದ್ದಳು, ಎಷ್ಟೋ ವರ್ಷದಿಂದ ಅತ್ತೆ ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದುಬಿಟ್ಟಿದ್ದರು, ಅವರ ಮೊಣಕಾಲು ಹಿಡಿದಿತ್ತು, ಹಿತ್ತಲ ಸುತ್ತಿ ಹೋಗಿ ಬಗ್ಗಿ ಬಡಿಸುವವರು ಯಾರು, ಆದರೆ ಆ ದಿನ ಅವರು ಗೂಡಿನ ಮೇಲೆ ಕೈಯಿಟ್ಟು ಎಷ್ಟು ಪ್ರೀತಿಯಿಂದ ಹೇಳಿದರು, ಈಗ ಅನುಕೂಲ ಆಗ್ಯದಲ್ಲ ಶುಭಾ, ನಾ ಕುಂತಲ್ಲೇ ಕುಂತು ತಿರುವ್ತೀನಿ, ಇಷ್ಟ ವರ್ಷ ದೇವರಿಗೆ ಅಪಚಾರ ಆತು ಅಂತ ಮನಸಿಗೆ ಹತ್ತಿತ್ತು, ನೀನೇ ದಾರಿ ಮಾಡಿಕೊಟ್ಟಿ. ಶುಭಾ ಚಾಪೆ ಎತ್ತಿಕೊಂಡು ಹಿತ್ತಲ ಸುತ್ತಿ ಈ ಕೋಣೆಗೆ ಬಂದಳು. ರಘೂತ್ತಮ ವಾಡಿಯಿಂದ ಕೆಲಸ ಮುಗಿಸಿ ಬಂದು ಬೂಟು ಬಿಚ್ಚುತ್ತ, ಆರಾಮ ಮಲ್ಕೊ, ನಾನೂ ಒಳಗಿದ್ದೆನಲ್ಲ, ಏನಾತು ನನಗ, ಎಂದ. ಹೌದು, ಏನಾಯಿತು. ಅವನು ಬೇನೆಬಿದ್ದು ಒಳಗಿದ್ದ. ತನಗೆ ಬೇನೆಯಿಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ತಾನೇ ಅತಿ ಮಾಡುತ್ತಿದ್ದೇನೇನೋ, ಮೂರು ದಿನದ ಮಾತು, ಮುದುಕಿಗೆ ನೆಮ್ಮದಿ, ಕೆಲಸವಿಲ್ಲ, ಹೆರವರ ಮನೆಯಲ್ಲಿ ಇದೂ ಇಲ್ಲ — ಮ್ಯಾಲಿಂದ ನೋಡಿದ್ದೆ, ಮುಂದಿಂದ ನೋಡಿದ್ದೆ, ಬಾಜೂಕಿಂದ ನೋಡಿದ್ದೆ ಸರ್, ಒಳಗಿಂದ ನೋಡಿರಲಿಲ್ಲ, ನೀವೂ ಹೇಳಿರಲಿಲ್ಲ.

ಎಳ್ಳು ಹುರಿದ ವಾಸನೆ. ಎಳ್ಳು ಯಾಕೆ, ಸಂಕ್ರಮಣ ಹೋಗಿ ಎಷ್ಟೋ ದಿನವಾಯಿತು, ಎಳ್ಳು ಬೆಲ್ಲ ಕುಟ್ಟುವ ಸದ್ದು, ಆರತಿ ತಟ್ಟೆ ಉಜ್ಜುವ ಸದ್ದು, ಬಚ್ಚಲ ನೀರು, ಸಣ್ಣ ದನಿ, ಎರಡು ತಂಬಿಗೆ — ಶುಭಾ ಎದ್ದು ಕೂತಳು, ಎಲ್ಲ ಒಂದರ ಮೇಲೊಂದು ಬಂದು ಕೂತವು. ದೊಡ್ಡಾಕಿ ಆದಳು. ತನ್ನ ಪದ್ದಿ, ತಾನು ಇಲ್ಲಿ ಚಾಪೆಯ ಮೇಲೆ ಬಿದ್ದಿರುವಾಗ, ತಾನಿಲ್ಲದೆ, ಬಟ್ಟೆ ನೋಡಿ ಹೆದರಿರಬೇಕು, ಅತ್ತಳೋ, ಅಮ್ಮಾ ಎಂದು ಕರೆಯಲು ಬಂದು ನಿಂತಳೋ, ಗೂಡಿನ ಆಚೆ ನಿಂತು ಹೋದಳೋ. ಶುಭಾ, ಎಚ್ಚರ ಇದ್ದೀಯೇನವಾ, ಅತ್ತೆಯ ದನಿ ಈಗ ಹಲಗೆಯ ಹಿಂದೆಯೇ, ಸಂತೋಷಕ್ಕೆ ನಡುಗುತ್ತಿದೆ, ಒಳ್ಳೆ ಸುದ್ದಿ, ಪದ್ದಿ ದೊಡ್ಡಾಕಿ ಆಗ್ಯಾಳ, ಹಿತ್ತಲ ಬಾಗಲ ಚಿಲಕ ತಗಿ, ಸುತ್ತು ಹಾಕಿ ಬರ್ತಾಳ, ಇವತ್ತೊಂದಿನ ತಾಯಿಮಗಳು ಜೋಡಿ ಇರ್ರಿ, ನಾಳೆ ನೀ ಮಿಂದು ಹೊರಗ ಬಂದ್ರ ಆಕಿ ಇರ್ತಾಳ, ಶಾಸ್ತ್ರ ಮುಗಿಯೂತನಕ. ಅತ್ಯಾ, ಸೋಮವಾರ ಪರೀಕ್ಷಾ ಅದ ಆಕಿಗೆ — ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿತು. ಪರೀಕ್ಷಾ ಮುಂದಿನ ವರ್ಷನೂ ಬರ್ತದ, ಇದು ಬರ್ತದೇನು? ಅಂಜಬ್ಯಾಡ, ಆಕಿಗೇನೂ ಕಡಿಮಿ ಮಾಡೂದಿಲ್ಲ, ತುಪ್ಪ ಕೊಬ್ಬರಿ ನಾನೇ ತಿರುವ್ತೀನಿ. ಏ ಪದ್ದಿ, ನಿನ್ನ ತಾಟು ನೀನೇ ಇಡವಾ, ನಾ ಮುಟ್ಟಂಗಿಲ್ಲ, ಇಟ್ಟು ತಿರುವು. ತಾಟು ಕೂತ ಸದ್ದು. ಗರ್ರ್. ಶುಭಾ ಹಾರಿ ಎದ್ದು ದುಂಡು ಹಲಗೆಯ ಅಂಚು ಹಿಡಿದಳು. ತಾಟು ಈಚೆ ಬಂದರೆ ಮುಗಿಯಿತು, ಬಂದ ಪಾತ್ರೆ ಶಾಸ್ತ್ರ ಮುಗಿಯುವವರೆಗೆ ಹಿಂದೆ ಹೋಗುವುದಿಲ್ಲ, ಒಳಗಿಟ್ಟ ತಾಟು ಒಳಗೇ, ತಾಟಿನ ಹಿಂದೆ ಹುಡುಗಿ ಒಳಗೇ, ತಿಂಗಳು ತಿಂಗಳು, ಈ ಮನೆಯಿಂದ ಮದುವೆಯಾಗಿ ಹೋಗುವವರೆಗೆ, ಹೋದ ಮನೆಯಲ್ಲೂ ಯಾರೋ ಕೇಳಿ ಇಂಥದೇ ಒಂದು ಮಾಡಿಸುವರು, ಎಷ್ಟು ಅನುಕೂಲ. ಹಲಗೆ ಅರ್ಧಕ್ಕೆ ನಿಂತಿತು, ನಡುಹಲಗೆ ಉದ್ದಕ್ಕೆ, ಎರಡೂ ಬದಿ ಬಯಲು, ಒಂದು ಬದಿಗೆ ತಾಟು, ಹೆಸರಿಡುವ ದಿನ ಪದ್ದಿಗೆ ಅವಳಪ್ಪ ಕೊಟ್ಟ ತಾಟು, ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು, ಪದ್ಮಶ್ರೀ. ಯಾಕ ನಿಂತದ, ಗೂಟ ಹಿಡೀತೇನು, ಎಣ್ಣಿ ಬಿಡಬೇಕೇನು, ಅತ್ತೆ ಎಲ್ಲೋ ದೂರದಿಂದ ಎಂಬಂತೆ ಕೇಳುತ್ತಿದ್ದಾರೆ. ಆಚೆಯಿಂದ ಸಣ್ಣ ಬೆರಳುಗಳು ನೂಕುತ್ತಿವೆ, ಈಚೆಯಿಂದ ಇವಳು ತಡೆದಿದ್ದಾಳೆ, ಚಿಲಕ ತೆಗೆದು ಹೊರಗೆ ಓಡಿ ಅವಳನ್ನು ಅಪ್ಪಿಕೊಳ್ಳಬೇಕು, ಚಿಲಕ ನನ್ನ ಕಡೆನೇ ಅದ, ಆದರೆ ಕೈ ಬಿಟ್ಟರೆ ಹಲಗೆ ತಿರುಗುತ್ತದೆ, ಕೈ ಬಿಡದೆ ಬಾಗಿಲು ಎಟುಕುವುದಿಲ್ಲ. ಪದ್ದಿ, ಎಂದಳು, ಪದ್ದಿ, ಇಲ್ಲಿ ನೋಡವಾ, ಅಮ್ಮನ ಕಡೆ ನೋಡು, ನೋಡಿದ್ರ ಏನೂ ಆಗೂದಿಲ್ಲ, ನಾ ಸುಳ್ಳು ಹೇಳಿದ್ದೆ, ನೋಡು. ಸಂದಿನ ಆಚೆ ಕತ್ತು ಇನ್ನಷ್ಟು ಹೊರಳಿತು, ಕೊರಳ ನರ ಎದ್ದಿತು, ಉಸಿರು ಬಿಗಿಹಿಡಿದು, ಹೇಳಿಕೊಟ್ಟದ್ದನ್ನು ಒಂದಿಷ್ಟೂ ತಪ್ಪದೆ, ಒಂದು ಸಣ್ಣ ಕಿವಿ, ಕಿವಿಯ ಹಿಂದೆ ತೊಳೆಯದೆ ಉಳಿದ ಅರಿಷಿಣ, ಕಿವಿ.