ದೊಡ್ಡಲಕ್ಷ್ಮಮ್ಮನ ಕಾಲು

"ಕಣ್ಣು ಮುಚ್ಕೊಳ್ಳಿ ಅಮ್ಮ. ಈ ದಾರ ತಾಗಿದ ಕೂಡಲೇ ಹೂಂ ಅನ್ನಿ," ಎಂದರು ಡಾಕ್ಟರ್ ಪದ್ಮಶ್ರೀ.

ದೊಡ್ಡಲಕ್ಷ್ಮಮ್ಮ ಕಣ್ಣು ಮುಚ್ಚಿ ಕಾದಳು. ತಲೆಯ ಮೇಲಿನ ಫ್ಯಾನು, ಹೊರಗೆ ರಾಮನಗರದ ಬಸ್ಸುಗಳ ಹಾರನ್ನು, ಎಲ್ಲ ಕೇಳಿಸಿತು. ಡಾಕ್ಟರಮ್ಮ ಇನ್ನೂ ಶುರುವೇ ಮಾಡಲಿಲ್ಲವಲ್ಲ ಎಂದು ಒಂದು ಕಣ್ಣು ತೆರೆದು ನೋಡಿದರೆ ಆಕೆ ಆಗಲೇ ಕೈ ತೊಳೆಯುತ್ತಿದ್ದರು.

"ಎರಡೂ ಪಾದ ನೋಡಿದೆ. ಒಂದ್ಸಲನೂ ನೀವು ಹೂಂ ಅನ್ನಲಿಲ್ಲ."

"ಮುಟ್ಟುದ್ರೆ ತಾನೆ ಅನ್ನಾದು," ಎಂದಳು ಮುದುಕಿ. ಪಕ್ಕದಲ್ಲಿದ್ದ ಸೊಸೆ ಭಾನುಪ್ರಿಯ ತಲೆ ತಗ್ಗಿಸಿದಳು. ದಾರ ಅಂಗಾಲಿನ ಮೇಲೆಲ್ಲ ಓಡಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಹಿಪ್ಪುನೇರಳೆ ಕಡ್ಡಿಯ ಚೂರು ಹೊಕ್ಕು ಕೀವಾಗಿತ್ತು. ಸೊಪ್ಪು ಕೊಯ್ದ ತೋಟದಲ್ಲಿ ಬರಿಗಾಲಲ್ಲಿ ತಿರುಗಿದರೆ ಚುಚ್ಚದೆ ಇರುತ್ತದೆಯೇ? ಚುಚ್ಚಿದ್ದು ದೊಡ್ಡ ವಿಷಯವಲ್ಲ, ಅದನ್ನಿಟ್ಟುಕೊಂಡೇ ವಾರಗಟ್ಟಲೆ ಓಡಾಡಿದ್ದು ವಿಷಯ. ಸಕ್ಕರೆ ಕಾಯಿಲೆ ಕಾಲಿನ ನರ ತಿಂದುಹಾಕಿದೆ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಇನ್ನು ಮನೆಯೊಳಗೂ ಚಪ್ಪಲಿ ಬೇಕು, ದಿನಾ ಅಂಗಾಲು ಎತ್ತಿ ನೋಡಿಕೊಳ್ಳಬೇಕು. ಉಪೇಕ್ಷೆ ಮಾಡಿದರೆ ಬೆರಳು ಹೋಗುತ್ತದೆ, ಆಮೇಲೆ ಪಾದವೂ ಹೋಗಬಹುದು.

ತಮ್ಮೂರು ಕೈಲಾಂಚದವರೆಗೂ ಬಸ್ಸಿನಲ್ಲಿ ಮುದುಕಿ ತನ್ನ ಪಾದಗಳನ್ನೇ ನೋಡುತ್ತ ಕೂತಿದ್ದಳು. ಅವಳಿಗೆ ಬೆರಳಿನ ಚಿಂತೆಯಲ್ಲ. ಹುಟ್ಟುವಾಗ ತಲೆಯ ಬದಲು ಕಾಲು ಮುಂದು ಮಾಡಿ ಬಂದವಳು ಅವಳು. ಅಂಥವರು ಕಾಲಿನಿಂದ ಸವರಿದರೆ ಉಳುಕು ಹೋಗುತ್ತದೆಂದು ಊರೆಲ್ಲ ನಂಬಿತ್ತು. ಲಂಗ ಉಡುವ ವಯಸ್ಸಿನಿಂದಲೂ ಜನ ಅವಳ ಮುಂದೆ ಸೊಂಟ ಕೊಟ್ಟು, ಕಾಲು ಚಾಚಿ ಮಲಗಿದ್ದರು. ಬಿಡದಿಯಲ್ಲಿ ಫ್ಯಾಕ್ಟರಿಗಳು ಎದ್ದ ಮೇಲಂತೂ ಭಾರ ಎತ್ತಿ ನಡ ಹಿಡಿಸಿಕೊಂಡ ಹುಡುಗರದೇ ಸಾಲು. ಬರೀ ಉಳುಕಾದರೆ ಸವರುತ್ತಿದ್ದಳು, ಮೂಳೆ ಮುರಿದಿದ್ದರೆ ಆಸ್ಪತ್ರೆಗೆ ಅಟ್ಟುತ್ತಿದ್ದಳು. ಯಾವುದು ಏನೆಂದು ತನ್ನ ಅಂಗಾಲಿಗೆ ತಿಳಿಯುತ್ತದೆ ಎಂದು ಜಂಬದಿಂದ ಹೇಳಿಕೊಂಡು ಬಂದಿದ್ದಳು. ಆ ಅಂಗಾಲು ಸತ್ತು ಎಷ್ಟು ದಿನವಾಯಿತೋ, ಅಷ್ಟೂ ದಿನ ಯಾರ್‍ಯಾರನ್ನು ತುಳಿದೆನೋ ಎಂದು ಒಬ್ಬೊಬ್ಬರನ್ನಾಗಿ ನೆನೆಯತೊಡಗಿದಳು.

ಮನೆ ಮುಂದೆ ಆಟೋ ನಿಂತಿತ್ತು. ಪಕ್ಕದ ಬೀದಿಯ ನಟರಾಜು ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಶಿಫ್ಟಿನ ಬಸ್ಸಿನಿಂದ ಇಳಿಯುವಾಗ ಪಾದ ಮಡಚಿಕೊಂಡು ಬಿದ್ದಿದ್ದನಂತೆ. ಹೆಂಡತಿ ಪ್ರತಿಮಾ ಅವನ ಕಂಪನಿ ಬೂಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕಾಲಿನ ಹರಡು ಊದಿ ಕೀಲಿನ ಗಂಟೇ ಕಾಣುತ್ತಿರಲಿಲ್ಲ.

"ಎಲ್ಲೋಗಿದ್ದೆ ದೊಡ್ಡವ್ವ? ಒಸಿ ಸವರ್‍ಬುಡು. ನಾಳೀಕೆ ಡ್ಯೂಟಿಗೋಗ್ನೇಬೇಕು. ರಜಾ ಹಾಕುದ್ರೆ ಕಾಂಟ್ರಾಕ್ಟರು ಇನ್ನೊಬ್ಬನ್ನ ಹಾಕೊಂಬುಡ್ತಾನೆ."

ಭಾನುಪ್ರಿಯ ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಕಂಬ ಹಿಡಿದು ಎಡಗಾಲನ್ನು ಅವನ ಹರಡಿನ ಮೇಲೆ ಇಟ್ಟಾಗಿತ್ತು. ಇಷ್ಟು ವರ್ಷದ ಅಭ್ಯಾಸ. ಅಂಗಾಲಿಗೆ ಮಾತ್ರ ಊತವಿಲ್ಲ, ಬಿಸಿಯಿಲ್ಲ, ಮೂಳೆಯಿಲ್ಲ. ನಟರಾಜು ಹಲ್ಲು ಕಚ್ಚಿ ನರಳಿದಾಗಲೇ ತಾನು ಅಷ್ಟು ಜೋರಾಗಿ ಒತ್ತುತ್ತಿದ್ದೇನೆಂದು ಅವಳಿಗೆ ತಿಳಿದದ್ದು. ತಟಕ್ಕನೆ ಕಾಲು ತೆಗೆದಳು.

"ಆಸ್ಪತ್ರೆಗೋಗಪ್ಪ. ಎಕ್ಸ್‌ರೇ ತಗಸು."

"ಯಾಕವ್ವ, ಮೂಳೆ ಮುರ್ದೈತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು.

"ಗೊತ್ತಿಲ್ಲ ಕಣಪ್ಪ," ಎಂದಳು. "ನನ್ ಕಾಲ್ಗೆ ಏನೂ ಗೊತ್ತಾಯ್ತಿಲ್ಲ. ಸಕ್ಕರೆ ಕಾಯ್ಲೆ ತಿಂದಾಕ್‌ಬುಟ್ಟದೆ. ಇನ್ಮ್ಯಾಕೆ ಯಾರೂ ಬರ್‍ಬ್ಯಾಡಿ ಅಂತ ಊರೋರ್‍ಗೂ ಯೋಳು."

ನಟರಾಜು ನಗಲು ಹೋದವನು ಅವಳ ಮುಖ ನೋಡಿ ಆಟೋದವನನ್ನು ಕೂಗಿದ. ಆಟೋದವನೂ ಭಾನುಪ್ರಿಯಳೂ ಸೇರಿ ಅವನನ್ನು ಎತ್ತಿ ಕೂರಿಸಿದರು. ದೊಡ್ಡಲಕ್ಷ್ಮಮ್ಮ ಅತ್ತಲೇ ನೋಡುತ್ತ ನಿಂತಳು. ನಾಳೆ ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಅವಳ ಮನೆಗೆ ಬಂದವರು ಹೊರಡುವಾಗ ಕಾಲು ಮುಟ್ಟಿ ಹೋಗುವುದು ವಾಡಿಕೆ.

"ಅತ್ತೆ," ಭಾನುಪ್ರಿಯ ಮೆಲ್ಲಗೆ ಕರೆದಳು, "ಪ್ರತಿಮಾ ಆಗ್ಲಿಂದ ಬಗ್ಗಿ ಕೂತವ್ಳೆ. ಒಳ್ಳೇದಾಗ್ಲಿ ಅನ್ನಿ."

ಮುದುಕಿ ತಲೆ ಬಗ್ಗಿಸಿ ನೋಡಿದಳು. ಪ್ರತಿಮಾಳ ಎರಡೂ ಕೈ ತನ್ನ ಎಡಪಾದದ ಮೇಲಿದ್ದವು.

"ಯಾವಾಗ ಮುಟ್ಟುದ್ಯವ್ವ?"

ಪ್ರತಿಮಾ ತಲೆ ಎತ್ತಿ ನೋಡಿದಳು. ದೊಡ್ಡಲಕ್ಷ್ಮಮ್ಮ ಬಗ್ಗಿ ಆ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಅವು ಬೆಚ್ಚಗಿರುವುದು ಕೈಗೆ ತಿಳಿಯಿತು. ಆಟೋದವನು ಹಾರನ್ನು ಹೊಡೆಯುವವರೆಗೂ ಅವಳು ಬಿಡಲಿಲ್ಲ.