ಕಡ್ಡಿಯ ಉಪವಾಸ

ನಮ್ಮ ನಾಯಿಗೆ ನಾನು ಊಟ ಹಾಕುವುದಿಲ್ಲವೆಂದು ಪ್ರಾಣಿ ದಯಾ ಸಂಘಕ್ಕೆ ದೂರು ಹೋಗಿತ್ತು. ಅದನ್ನು ಕರೆದೊಯ್ಯಲು ಮನೆ ಮುಂದೆ ವ್ಯಾನೂ ಬಂದು ನಿಂತಿತು. ನಾನೋ, ಬೆಳಿಗ್ಗೆ ಕಾಫಿಗೂ ಮುಂಚೆ ಅದಕ್ಕೆ ಅನ್ನ, ಬೇಯಿಸಿದ ಮೊಟ್ಟೆ ಕಲಸಿಡುವವನು. ಅಷ್ಟು ಉಪಚಾರ ತನಗೆ ಒಂದು ದಿನವೂ ಸಿಕ್ಕಿಲ್ಲವೆಂದು ಹೆಂಡತಿಯ ತಕರಾರು ಬೇರೆ.

ಸಂಘದ ಮೇಡಂ ಬಡಕಲು ಹೆಂಗಸು. ಮುಖ ಗಂಟಿಕ್ಕಿಕೊಂಡೇ ನಾಯಿಯ ಹೆಸರು ಕೇಳಿದರು. ಕಡ್ಡಿ ಎಂದೆ. ಸಣಕಲು ಮರಿಯಾಗಿದ್ದಾಗ ಇಟ್ಟ ಹೆಸರದು. ಅವರು ನನ್ನನ್ನು ನೋಡಿದ ನೋಟಕ್ಕೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ದಿನಾ ಖಾಲಿ ತಟ್ಟೆ ಕಚ್ಕೊಂಡು ಬೀದಿಬೀದಿ ಸುತ್ತುತ್ತೆ. ನಿಮಗೆ ಗೊತ್ತೇ ಇಲ್ವಾ?"

ದೇವರಾಣೆ ಗೊತ್ತಿರಲಿಲ್ಲ. ನಾನು ಮುಂದಿನ ಕೋಣೆಯಲ್ಲಿ ಕೂತು ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಚಕ್ರ, ಮುಳ್ಳು ಬಿಟ್ಟು ಬೇರೆ ಪ್ರಪಂಚ ಕಾಣದು. ಹಿತ್ತಿಲ ಬಾಗಿಲು ಸದಾ ತೆರೆದಿರುತ್ತದೆ. ಆ ಕಳ್ಳ ಅಲ್ಲಿಂದಲೇ ತಟ್ಟೆ ಸಮೇತ ಹೊರಡುತ್ತಿತ್ತು.

ಸಾಕ್ಷಿ ಹೇಳಲು ಬೀದಿಯವರು ಸೇರಿದರು. ತಾನೊಬ್ಬ ಬನ್ನು ಹಾಕದಿದ್ದರೆ ನಾಯಿ ಎಂದೋ ಸಾಯುತ್ತಿತ್ತು ಎಂದ ಬೇಕರಿಯವನು. ಬನ್ನಲ್ಲ, ತನ್ನ ಮನೆಯ ಹಾಲು ಕುಡಿದು ಅದು ಬದುಕಿರುವುದು ಎಂದರು ಇಸ್ತ್ರಿ ಅಂಗಡಿಯ ಅಕ್ಕ. ಮೂಳೆ ಹಾಕುವವನು ತಾನು ಎಂದ ಮಾಂಸದಂಗಡಿಯವನು. ಹೇಳುತ್ತ ಹೇಳುತ್ತ ಮೂವರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಕಡ್ಡಿ ಮಾತ್ರ ಹೊಟ್ಟೆ ಒಳಗೆಳೆದುಕೊಂಡು, ಕಾಲು ನಡುಗಿಸುತ್ತ ಖಾಲಿ ತಟ್ಟೆ ನೆಕ್ಕುತ್ತಿತ್ತು. ಆಗಷ್ಟೇ ಮೊಟ್ಟೆ ತಿಂದ ಮುಸುಡಿ!

ಮೇಡಂ ಕರಗಿಹೋದರು. ನಾಯಿಯನ್ನು ಎತ್ತಿ ವ್ಯಾನಿಗೆ ಹಾಕಲು ಡ್ರೈವರಿಗೆ ಹೇಳಿದರು.

ಡ್ರೈವರ್ ಎತ್ತಲು ಹೋದ. ಕಡ್ಡಿ ಅಲುಗಲಿಲ್ಲ. ಮಾಂಸದಂಗಡಿಯವನೂ ಕೈ ಹಾಕಿದ. ಇಬ್ಬರೂ ತಿಣುಕಾಡಿ ಮೊಣಕಾಲಿನವರೆಗೆ ಎತ್ತಿ, ಉಸ್ಸಪ್ಪಾ ಎಂದು ಇಳಿಸಿಬಿಟ್ಟರು.

"ಮೇಡಂ, ಇದು ಉಪವಾಸ ಇರೋ ನಾಯಿಯ ತೂಕ ಅಲ್ಲ," ಎಂದ ಡ್ರೈವರ್, ಸೊಂಟ ಹಿಡಿದುಕೊಂಡು.

ಪೊದೆಗೂದಲಿನೊಳಗೆ ಇಷ್ಟು ದಿನ ಅಡಗಿದ್ದ ಹೊಟ್ಟೆಯನ್ನು ಮೇಡಂ ಮುಟ್ಟಿ ನೋಡಿದರು. ಈಗ ನನಗೆ ಧೈರ್ಯ ಬಂತು. ನನ್ನ ಮಾನ ಹರಾಜು ಹಾಕಿದ ಆ ಪುಣ್ಯಾತ್ಮ ಯಾರು, ಹೆಸರು ಹೇಳಿ ಎಂದು ಗಂಟಲು ಏರಿಸಿದೆ.

ಮೇಡಂ ಮೆಟ್ಟಿಲ ಮೇಲೆ ಕುಸಿದು ಕೂತರು.

"ನಾನೇ," ಎಂದರು. "ಬಸ್ ಸ್ಟಾಪಿಗೆ ದಿನಾ ಬರುತ್ತೆ. ನನ್ನ ಊಟದ ಡಬ್ಬಿ ಪೂರ್ತಿ ಇದಕ್ಕೇ ಹಾಕಿ, ನಾನು ನೀರು ಕುಡ್ಕೊಂಡು ಕೆಲಸ ಮಾಡ್ತಿದೀನಿ."

ಆಗ ಅವರ ಕೊರಳ ಮೂಳೆ ಕಂಡಿತು, ಸಡಿಲವಾದ ಕೈಗಡಿಯಾರ ಕಂಡಿತು. ಬೀದಿಯಲ್ಲಿ ನಿಜವಾಗಿ ಉಪವಾಸ ಇದ್ದ ಜೀವ ಇವರೊಬ್ಬರೇ. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಹೆಂಡತಿ ಒಳಗೆ ಹೋಗಿ ಅವರಿಗೆ ಬಿಸಿ ಅನ್ನ ಬಡಿಸಿ ತಂದಳು.

ಮೇಡಂ ಮೊದಲ ತುತ್ತು ಎತ್ತಿದರು. ಕಡ್ಡಿ ಎದುರಿಗೆ ಹೋಗಿ ಕೂತಿತು, ತಲೆ ಒಂದು ಪಕ್ಕಕ್ಕೆ ವಾಲಿಸಿತು. ನಾವೆಲ್ಲ ನೋಡುತ್ತಿದ್ದಂತೆಯೇ ಆ ತುತ್ತು ಅದರ ಬಾಯಿಗೆ ಹೋಯಿತು.