ಮೂರನೇ ಹಾಸಿಗೆಯ ಎಡಗಾಲು

ಬೀದರಿನ ಬೋಧನಾ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಎಂ.ಡಿ. ಅಂತಿಮ ಪರೀಕ್ಷೆ ಶುರುವಾಯಿತು. ಜೆನಿಫರಳಿಗೆ ಬಂದದ್ದು ಮೂರನೇ ಹಾಸಿಗೆ. ರೋಗಿಯನ್ನು ನಲವತ್ತೈದು ನಿಮಿಷ ನೋಡಿ, ಕಾಯಿಲೆ ಏನೆಂದು ಪರೀಕ್ಷಕರ ಮುಂದೆ ಹೇಳಬೇಕು. ನಡುವೆ ಬಿಟ್ಟರೆ ಕೇಸ್ ರದ್ದು. ಮತ್ತೆ ಆರು ತಿಂಗಳು ಕಾಯಬೇಕು.

ಹಾಸಿಗೆಯ ಮೇಲಿದ್ದ ಖಾಜಾ ಮಿಯಾ ಅವಳಿಗಿಂತ ನಿರಾಳವಾಗಿದ್ದರು. ಭಾಲ್ಕಿಯಲ್ಲಿ ಅವರದು ಹೊಲಿಗೆ ಅಂಗಡಿ. ಅವರ ಹೃದಯದ ಒಂದು ಕವಾಟ ಕಿರಿದಾಗಿದೆ. ಅದರ ಸಪ್ಪಳಕ್ಕಾಗಿಯೇ ಕಾಲೇಜಿನವರು ಹನ್ನೊಂದು ವರ್ಷಗಳಿಂದ ಅವರನ್ನು ಪರೀಕ್ಷೆಗೆ ಕರೆಸುತ್ತಿದ್ದರು.

“ಬರ್ಕೋ ಬೇಟಾ, ಮೈಟ್ರಲ್ ಸ್ಟೆನೋಸಿಸ್,” ಅವರು ಪಿಸುಗುಟ್ಟಿದರು. “ಎಡಕ್ಕ ಹೊರಳಿಸಿ ಕೇಳು. ಎಲ್ಲಾರೂ ಅಲ್ಲೇ ಎಡವತಾರ.”

“ಹೇಳಬ್ಯಾಡ್ರಿ ಚಾಚಾ. ಸರ್ ಕೇಳಸ್ಕೋತಾರ.”

“ನಿಮ್ಮ ಸುಶೀಲಕುಮಾರ ಸರಗೂ ಅವನ ಪರೀಕ್ಷಾದಾಗ ನಾನೇ ಹೇಳೀನಿ. ಈಗ ನೋಡು, ಹ್ಯಾಂಗ ಮಾರಿ ಬಿಗದು ಕುಂತಾನ!”

ಪರೀಕ್ಷಕ ಸುಶೀಲಕುಮಾರ ಆಚೆ ಮೇಜಿನಲ್ಲಿ ಕೂತಿದ್ದರು. ಜೆನಿಫರ ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟಳು. ಸಪ್ಪಳ ಸ್ಪಷ್ಟವಾಗಿತ್ತು. ನಾಡಿ ತಾಳ ತಪ್ಪಿತ್ತು, ಅದೂ ಹಳೆಯ ಫೈಲಿನಲ್ಲಿ ಇದ್ದದ್ದೇ. ಬರೆದು ಮುಗಿಸಬಹುದಿತ್ತು. ಬಾವು ಇದೆಯೇ ಎಂದು ನೋಡಲು ಅವಳು ಪಾದ ಮುಟ್ಟಿದಳು.

ಬಲಪಾದ ಬೆಚ್ಚಗಿತ್ತು. ಎಡಪಾದ ತಣ್ಣಗೆ ಬಿಳಿಚಿತ್ತು. ಹಿಮ್ಮಡಿಯ ಬಳಿ ನಾಡಿ ಸಿಗಲಿಲ್ಲ. ಮೊಣಕಾಲ ಹಿಂದೆಯೂ ಇಲ್ಲ. ಹೆಬ್ಬೆರಳು ಚಿವುಟಿದಳು. ಖಾಜಾ ಮಿಯಾ ಸೂರು ನೋಡುತ್ತಲೇ ಇದ್ದರು.

“ಈ ಕಾಲು ಯಾವಾಗಿಂದ ಹಿಂಗದ, ಚಾಚಾ?”

“ಬಸ್ಸಿನ್ಯಾಗ ಕುಂತು ಜೋಮು ಹಿಡದದ. ನೀ ಎದಿ ನೋಡು, ಟೈಂ ಹೊಂಟದ.”

“ನೋವಿತ್ತೇನ್ರಿ?”

“ಏಳಕ್ಕ ಭಾಲ್ಕಿ ಸ್ಟ್ಯಾಂಡಿನ್ಯಾಗ ಒಮ್ಮಿಗೇ ಜೋರ್ ಹಿಡೀತು. ಈಗೇನಿಲ್ಲ.”

ಏನೂ ಇಲ್ಲ, ಚಿವುಟಿದ್ದೂ ತಿಳಿದಿಲ್ಲ ಎಂಬುದೇ ಅವಳನ್ನು ಹೆದರಿಸಿತು. “ರಕ್ತ ತೆಳ್ಳಗ ಮಾಡೋ ಗೋಳಿ ತಗೋತೀರಿಲ್ಲ?”

“ಎಲ್ಲಾ ಗೋಳಿ ಬಿಟ್ಟು ಎಂಟು ದಿನ ಆತು. ಹ್ವಾದ ಸಲ ಪರೀಕ್ಷಾದಾಗ ಫರಹತ ಅಂತ ಒಬ್ಬಾಕಿಗಿ ಸಪ್ಪಳ ಕೇಳಸ್ಲೇ ಇಲ್ಲ. ಅಳ್ತಾ ಹ್ವಾದ್ಳು. ಗೋಳಿಲಿಂದ ಸಪ್ಪಳ ಸಣ್ಣಾಗೇದಂತ ತಿಳದೆ.”

ಗಡಿಯಾರ ಹತ್ತು ಇಪ್ಪತ್ತಾರು ತೋರಿಸುತ್ತಿತ್ತು. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಜಾರಿ ಕಾಲಿನ ರಕ್ತನಾಳದಲ್ಲಿ ಸಿಕ್ಕಿಕೊಂಡು ಮೂರೂವರೆ ಗಂಟೆ ಕಳೆದಿದೆ. ಆರು ಗಂಟೆ ದಾಟಿದರೆ ಕಾಲು ಉಳಿಯುವುದು ಕಷ್ಟ.

“ಸರ್, ಇಲ್ಲಿ ಬರ್ರಿ.”

“ಇನ್ನಾ ಹತ್ತೊಂಬತ್ತು ನಿಮಿಷ ಅದ,” ಸುಶೀಲಕುಮಾರ ತಲೆ ಎತ್ತಲಿಲ್ಲ. “ಈಗ ನಿಲ್ಲಿಸಿದ್ರ ಕೇಸ್ ರದ್ದಾಗ್ತದ. ಗೊತ್ತದಿಲ್ಲ?”

“ರದ್ದ ಮಾಡ್ರಿ ಸರ್. ಇವರ ಎಡಗಾಲಾಗ ನಾಡಿ ಇಲ್ಲ.”

“ಬೆಳಿಗ್ಗೆ ನಾನೇ ನೋಡೀನಲ್ಲ ಅವರನ್ನ!”

“ಎದಿ ನೋಡೀರಿ. ಕಾಲು ನೋಡೀರೇನ್ರಿ?”

ಪಕ್ಕದ ಹಾಸಿಗೆಯ ಅಭ್ಯರ್ಥಿಯ ಪೆನ್ನು ನಿಂತಿತು. ಸುಶೀಲಕುಮಾರ ಎದ್ದು ಬಂದರು. ಪಾದದ ಮೇಲೆ ಬೆರಳಿಟ್ಟರು, ತೆಗೆದರು, ಮತ್ತೆ ಇಟ್ಟರು.

“ಹೆಪಾರಿನ್ ಇಂಜೆಕ್ಷನ್ ತರ್ರಿ. ಸರ್ಜರಿಗಿ ಫೋನ್ ಹಚ್ರಿ,” ಎಂದರು ನರ್ಸಿಗೆ.

“ಅರೆ, ಈ ಹುಡುಗಿ ಪರೀಕ್ಷಾ?” ಖಾಜಾ ಮಿಯಾ ಏಳಲು ಹೋದರು. ಎಡಗಾಲು ಜೊತೆಗೆ ಬರಲಿಲ್ಲ. ಆಗ ಮಾತ್ರ ಅವರ ಮುಖ ಬದಲಾಯಿತು. “ಬೇಟಾ, ಹೊಲಿಗಿ ಮಿಷನ್ ತುಳಿಯೋ ಕಾಲು ಇದು,” ಎಂದರು.

ಜೆನಿಫರ ಅವರನ್ನು ಸ್ಟ್ರೆಚರಿಗೆ ಎತ್ತಿಸಿ ತಾನೇ ತಳ್ಳಿದಳು. ಬರೆಯಬೇಕಿದ್ದ ಹಾಳೆ ಹಾಸಿಗೆಯ ಮೇಲೆ ಅರ್ಧ ಖಾಲಿ ಬಿದ್ದಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಸರ್ಜನ್ನರು ಹೆಪ್ಪು ತೆಗೆದರು. ಕಾಲು ಉಳಿಯಿತು. ಮೂರನೇ ಹಾಸಿಗೆಯ ಕೇಸ್ ರದ್ದಾಯಿತು. ಆದರೆ ಆರು ತಿಂಗಳು ಕಾಯಿಸದೆ ಸುಶೀಲಕುಮಾರ ವಿಶೇಷ ಅನುಮತಿ ಕೊಡಿಸಿದ್ದರಿಂದ, ಎರಡು ಗಂಟೆಗೆ ಜೆನಿಫರಳಿಗೆ ಬೇರೆ ರೋಗಿ ಸಿಕ್ಕರು. ಅವಳು ಎರಡು ಪ್ರಶ್ನೆಗಳಿಗೆ ತಡವರಿಸಿದಳು.

ಮರುದಿನ ಬೆಳಿಗ್ಗೆ ಅವಳು ಸರ್ಜರಿ ವಾರ್ಡಿಗೆ ಹೋದಾಗ ಖಾಜಾ ಮಿಯಾ ಎಚ್ಚರವಿದ್ದರು.

“ಪಾಸೋ, ಫೇಲೋ?”

“ಇನ್ನಾ ಹೇಳಿಲ್ರಿ.”

“ನಿನ್ನಿ ಮತ್ಯಾವ ಕೇಸ್ ಕೊಟ್ರು?”

“ಲಿವರಿಂದು.”

“ಛೇ. ನನ್ನ ಕೇಸೇ ಇದ್ದಿದ್ರ ಮೊದಲನೇ ನಂಬರ್ ಬರ್ತಿದ್ದಿ.” ಅವರು ದನಿ ತಗ್ಗಿಸಿದರು. “ಇವತ್ತೂ ಒಂದ್ ಬ್ಯಾಚ್ ಅದಲ್ಲ? ಇಲ್ಲೇ ಕಳಸು. ಸಪ್ಪಳ ಖಡಕ್ ಅದ.”

ಜೆನಿಫರ ಹೊದಿಕೆ ಸರಿಸಿ ಎಡಪಾದಕ್ಕೆ ಬೆರಳಿಟ್ಟಳು. ನಾಡಿ ತಾಳ ತಪ್ಪಿಯೇ ಬಡಿಯುತ್ತಿತ್ತು, ಆದರೆ ಬಡಿಯುತ್ತಿತ್ತು. ಅವಳು ಮಾತ್ರೆ, ನೀರಿನ ಲೋಟ ಎತ್ತಿಕೊಟ್ಟಳು.

“ಮೊದಲ ಇದು ನುಂಗ್ರಿ ಚಾಚಾ. ನನ್ನ ಕಣ್ಮುಂದ.”